ತಲೆಯ ಮೇಲಿನ ಮಾತು: ಹೆಲ್ಮೆಟ್ಟಿನ ವಂಶಾವಳಿ

ಆಷಾಢದ ಒಂದು ಭಾನುವಾರ ಸಂಜೆ ಕಾಮೋಠೆಯಲ್ಲಿ ನಮ್ಮ ಬಳಗದ ಸಭೆ ಸೇರಿತ್ತು. ಮಾನಸರೋವರ, ಖಾಂದೇಶ್ವರ ನಿಲ್ದಾಣಗಳಿಂದ ನಡೆದು ಬಂದವರ ಕೊಡೆಗಳು ಬಾಗಿಲ ಹೊರಗೆ ನೀರಿಳಿಸುತ್ತಿದ್ದವು. ಖಾರಘರ, ಕಳಂಬೋಲಿ, ಪನ್ವೇಲ್‌ಗಳಿಂದ ಸ್ಕೂಟರಿನಲ್ಲಿ ಬಂದವರ ಹೆಲ್ಮೆಟ್ಟುಗಳು ಒಳಗೆ ಪುಸ್ತಕದ ಕಪಾಟಿನ ಕೆಳಗೆ ಸಾಲಾಗಿ ಕುಳಿತಿದ್ದವು. ಅಂದು ಹಿರಿಯ ಸದಸ್ಯರೊಬ್ಬರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಫಲ ಕೊಟ್ಟು ಗೌರವಿಸುವುದಿತ್ತು. ಅದೆಲ್ಲ ಕ್ರಮವಾಗಿ ನಡೆದು ಚಪ್ಪಾಳೆ ನಿಂತ ಮೇಲೆ, ಇಲ್ಲಿಯೇ ಹುಟ್ಟಿ ಇಲ್ಲಿಯೇ ಓದುತ್ತಿರುವ ಬಾಲಕಿಯೊಬ್ಬಳು ಕಪಾಟಿನ ಕೆಳಗೆ ಬೆರಳು ತೋರಿಸಿ ಕೇಳಿದಳು: "ತಾತನ ತಲೆಯ ಮೇಲಿರುವುದು ಪೇಟ. ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ?"

ಉತ್ತರಗಳು ಬೇಗನೆ ಬಂದವು, ಆದರೆ ಒಂದರೊಡನೊಂದು ಹೊಂದಲಿಲ್ಲ. ಒಬ್ಬರು ಶಿರಸ್ತ್ರಾಣ ಎಂದರು. ಹಳೆಯ ಕಾವ್ಯಗಳ ಯುದ್ಧವರ್ಣನೆಗಳನ್ನು ಓದಿದವರೊಬ್ಬರು ಸೀಸಕ ಎಂದರು. ಇನ್ನೊಬ್ಬರು ಅಲ್ಲಿಯೇ ತಲೆಗಾಪು ಎಂಬ ಪದವನ್ನು ಟಂಕಿಸಿದರು. ಮೂಲೆಯಲ್ಲಿದ್ದ ತರುಣನೊಬ್ಬ, "ಹೆಲ್ಮೆಟ್ಟು ಎಂಬುದೇ ಕನ್ನಡ, ನಮ್ಮಮ್ಮ ಬೇರೇನನ್ನೂ ಹೇಳಿದ್ದನ್ನು ಕೇಳಿಲ್ಲ" ಎಂದ. ಹೊರನಾಡಿನಲ್ಲಿ ಮಕ್ಕಳ ಕನ್ನಡ ದಿನೇ ದಿನೇ ತೆಳುವಾಗುತ್ತಿದೆಯೆಂಬ ಅಳುಕು ನಮ್ಮೆಲ್ಲರಲ್ಲೂ ಇರುವುದರಿಂದ ಚರ್ಚೆ ಸ್ವಲ್ಪ ಬಿಸಿಯೂ ಆಯಿತು. ಬಾಲಕಿಗೆ ಮಾತ್ರ ಉತ್ತರ ಸಿಗಲಿಲ್ಲ. ಅವಳಿಗೆ ಕೊಡಬೇಕಾದ ಉತ್ತರವನ್ನು ಹುಡುಕುತ್ತ ಹೋದಾಗ ನಮಗೆ ಕಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ಮೊದಲು ಶುದ್ಧಿಯ ಪ್ರಶ್ನೆ. ಶಿರಸ್ತ್ರಾಣ ಸಂಸ್ಕೃತದ ಸಮಾಸ: ಶಿರಸ್ಸನ್ನು ಕಾಯುವಂಥದು. ಸೀಸಕವು ಸಂಸ್ಕೃತದ ಶೀರ್ಷಕದ ತದ್ಭವ. ಹೀಗೆ ಕನ್ನಡದ್ದೆಂದು ನಾವು ಮುಂದಿಟ್ಟ ಪದಗಳಲ್ಲಿ ಎರಡು ಒಂದು ಕಾಲದಲ್ಲಿ ಹೊರಗಿನಿಂದ ಬಂದವುಗಳೇ. ಹಾಗಾದರೆ ಹೆಲ್ಮೆಟ್ ಎಲ್ಲಿಂದ ಬಂದಿತು? ಇಂಗ್ಲಿಷಿನಿಂದ ಎಂಬುದು ಅರ್ಧ ಉತ್ತರ ಮಾತ್ರ. ಇಂಗ್ಲಿಷಿಗೂ ಈ ರೂಪ ನೆರೆಯ ಮನೆಯಿಂದಲೇ ಬಂದದ್ದು.

ಇದರ ಮೂಲ ಪ್ರಾಚೀನ ಜರ್ಮಾನಿಕ್ ಜನರ ಹೆಲ್ಮ್ ಎಂಬ ಮಾತು. ಭಾಷಾವಿಜ್ಞಾನಿಗಳು ಅದರ ಆದಿರೂಪವನ್ನು ಹೆಲ್ಮಜ್ ಎಂದು ಪುನಾರಚಿಸಿದ್ದಾರೆ. 4ನೆಯ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಬೈಬಲನ್ನು ಗಾತಿಕ್ ಭಾಷೆಗೆ ಅನುವಾದಿಸಿದಾಗ ಅದರಲ್ಲಿ ಹಿಲ್ಮ್ಸ್ ಎಂಬ ರೂಪ ಬಂದಿದೆ. ನಮ್ಮ ಹಲ್ಮಿಡಿ ಶಾಸನದ ಕಾಲವನ್ನು ವಿದ್ವಾಂಸರು ಸುಮಾರು 450 ಎಂದಿಟ್ಟುಕೊಂಡರೆ, ಅದಕ್ಕಿಂತ ಒಂದು ಶತಮಾನದಷ್ಟು ಹಿಂದಿನ ಬಳಕೆ ಅದು. ಇಂದಿನ ಸ್ಲೊವೇನಿಯಾದ ನೆಗೋವ ಎಂಬ ಊರಿನ ಬಳಿ 1811ರಲ್ಲಿ ಕಂಚಿನ ಶಿರಸ್ತ್ರಾಣಗಳ ರಾಶಿಯೊಂದು ದೊರೆಯಿತು. ಅವುಗಳಲ್ಲಿ ಒಂದರ ಅಂಚಿನ ಮೇಲೆ ಕೊರೆದಿರುವ ಅಕ್ಷರಗಳು ಜರ್ಮಾನಿಕ್ ಭಾಷೆಯೊಂದರ ಅತ್ಯಂತ ಹಳೆಯ ಬರಹಗಳ ಸಾಲಿಗೆ ಸೇರುತ್ತವೆ. ನಮ್ಮವರು ಕಲ್ಲಿನ ಮೇಲೆ ಬರೆದರು. ಆ ಜನರ ಮೊದಲ ಬರಹಗಳಲ್ಲೊಂದು ತಲೆಯ ಮೇಲೇ ಇತ್ತು.

ಹೆಲ್ಮ್ ಎಂಬ ಮಾತಿನ ಆಳದಲ್ಲಿ ಲೋಹವಿಲ್ಲ, ಯುದ್ಧವೂ ಇಲ್ಲ. ಮುಚ್ಚು, ಮರೆಮಾಡು ಎಂಬುದು ಅದರ ಧಾತ್ವರ್ಥ. ಹಳೆಯ ಇಂಗ್ಲಿಷಿನ ಬಿಯೋವುಲ್ಫ್ ಕಾವ್ಯದಲ್ಲಿ ಜನರನ್ನು ಕಾಯುವ ಅರಸನನ್ನೂ ಹೆಲ್ಮ್ ಎಂದು ಕರೆಯಲಾಗಿದೆ. ಲೋಕವನ್ನು ಮುಚ್ಚುವ ರಾತ್ರಿಯ ಕತ್ತಲಿಗೂ ಅದೇ ಮಾತು ಸೇರಿಕೊಂಡಿದೆ. ಹಳಗನ್ನಡದ ಕವಿಗಳು ಅರಸನ ಬೆಳ್ಗೊಡೆಯ ನೆಳಲಿನಲ್ಲಿ ನಾಡು ಬಾಳುವುದನ್ನು ವರ್ಣಿಸುವಾಗ ಇದ್ದ ಭಾವ ಅದು. ತಲೆಯ ಮೇಲೆ ಏನೋ ಒಂದು ಇದೆ, ಅದರ ಕೆಳಗೆ ಅಭಯವಿದೆ ಎಂಬ ಭಾವ. ಅಂದಹಾಗೆ, ಹಡಗಿನ ಚುಕ್ಕಾಣಿಗೆ ಇಂಗ್ಲಿಷಿನಲ್ಲಿರುವ ಹೆಲ್ಮ್ ಬೇರೆಯೇ ಪದ. ಉಚ್ಚಾರ ಒಂದಾದರೂ ವಂಶ ಬೇರೆ.

ಸೈನಿಕರು ಹೋದಲ್ಲೆಲ್ಲ ಈ ಮಾತು ಹೋಯಿತು. ಫ್ರಾಂಕರು ಗಾಲ್ ದೇಶವನ್ನು ಗೆದ್ದು, ತಮ್ಮ ಭಾಷೆಯನ್ನು ಕ್ರಮೇಣ ಮರೆತು, ಸೋತವರ ಲ್ಯಾಟಿನ್ ಮೂಲದ ಮಾತನ್ನೇ ಆಡತೊಡಗಿದರು. ಆದರೆ ತಲೆಯ ಮೇಲಿನ ಹೆಲ್ಮ್ ಉಳಿಯಿತು. ಹಳೆಯ ಫ್ರೆಂಚಿನಲ್ಲಿ ಅದು ಹೆಲ್ಮೆ ಆಯಿತು, ಮುಂದೆ ಸವೆದು ಓಮ್ ಎಂದು ಉಚ್ಚರಿಸುವ ಹಂತಕ್ಕೆ ಬಂದಿತು. ಇಟಲಿಯವರು ಎಲ್ಮೊ ಎಂದರು, ಸ್ಪೇನಿನವರು ಯೆಲ್ಮೊ ಎಂದರು. ಸ್ಲಾವ್ ಜನರು ಬಹು ಹಿಂದೆಯೇ ಅದನ್ನು ಎರವಲು ಪಡೆದರು. ಇಂದಿನ ರಷ್ಯನ್ ಶ್ಲೇಮ್ ಅದೇ. ಇಂಗ್ಲಿಷಿನ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ಹೆಲ್ಮ್ ಮೊದಲಿನಿಂದಲೂ ಮನೆಮಾತಾಗಿತ್ತು. ಫ್ರೆಂಚರು ತಮ್ಮ ಹೆಲ್ಮೆಗೆ ಚಿಕ್ಕದು ಎಂಬರ್ಥದ ಪ್ರತ್ಯಯ ಹಚ್ಚಿ ಹೆಲ್ಮೆಟ್ ಎಂದರು. 15ನೆಯ ಶತಮಾನದಲ್ಲಿ ಆ ರೂಪ ಇಂಗ್ಲಿಷಿಗೆ ಬಂದು ಹಳೆಯ ಹೆಲ್ಮನ್ನು ಬದಿಗೆ ಸರಿಸಿತು. ಹೊರನಾಡಿಗೆ ಹೋದ ಮಗಳ ಮಗು ಪರಭಾಷೆಯ ಲಯದಲ್ಲಿ ಮಾತಾಡುತ್ತ ಅಜ್ಜಿಯ ಮನೆಗೆ ಬಂದು ಮನೆಯೊಡತಿಯಾದಂತೆ. ಇಂತಹ ಮಕ್ಕಳನ್ನು ನಮ್ಮ ಕಾಮೋಠೆಯ ಪ್ರತಿ ಕಟ್ಟಡದಲ್ಲಿಯೂ ಕಾಣಬಹುದು.

ಹೆಲ್ಮಿನ ಇನ್ನೊಂದು ಸಂತಾನ ಮನುಷ್ಯರ ಹೆಸರುಗಳಲ್ಲಿದೆ. ಸಂಕಲ್ಪ ಎಂಬರ್ಥದ ಪದಕ್ಕೆ ಹೆಲ್ಮ್ ಸೇರಿ ವಿಲ್ಹೆಲ್ಮ್ ಆಯಿತು. ಅದೇ ಫ್ರಾನ್ಸಿನಲ್ಲಿ ಗಿಯೋಮ್, ಇಟಲಿಯಲ್ಲಿ ಗುಲ್ಯೆಲ್ಮೊ, ಇಂಗ್ಲೆಂಡಿನಲ್ಲಿ ವಿಲಿಯಂ. ಈ ಹೆಸರು ಕನ್ನಡದ ಚರಿತ್ರೆಗೂ ಬಂದಿದೆ. ಶ್ರೀರಾಮಪುರದಿಂದ 1817ರಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದವನು ವಿಲಿಯಂ ಕೇರಿ. ಬಳ್ಳಾರಿಯಲ್ಲಿದ್ದುಕೊಂಡು 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದವನು ವಿಲಿಯಂ ರೀವ್. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಸಿದುಕೊಂಡ ಗವರ್ನರ್ ಜನರಲ್ ಕೂಡ ವಿಲಿಯಂ ಬೆಂಟಿಂಕನೇ. ಕನ್ನಡಕ್ಕೆ ಕೋಶ ಕೊಟ್ಟವನ ಹೆಸರಿನಲ್ಲಿಯೂ, ಕನ್ನಡದ ಅರಸನ ಅಧಿಕಾರ ತೆಗೆದವನ ಹೆಸರಿನಲ್ಲಿಯೂ ಒಂದೇ ಶಿರಸ್ತ್ರಾಣವಿತ್ತು. ಇಂದು ಮುಂಬಯಿ, ನವಿ ಮುಂಬಯಿಗಳಲ್ಲಿ ನಮ್ಮ ನೆರೆಹೊರೆಯವರಾಗಿರುವ ಮಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ ವಿಲಿಯಂ, ವಿಲ್ಮಾ, ಅನ್ಸೆಲ್ಮ್ ಎಂಬ ಹೆಸರುಗಳು ಸಾಮಾನ್ಯ. ಅನ್ಸೆಲ್ಮ್ ಎಂದರೆ ದೈವವೇ ಶಿರೋರಕ್ಷೆಯಾಗಿ ಉಳ್ಳವನು.

ವಂಶಾವಳಿಯನ್ನು ಮೇಲಕ್ಕೆ ಹತ್ತಿದರೆ ಇನ್ನೂ ಹತ್ತಿರದ ನೆಂಟಸ್ತಿಕೆ ತೆರೆಯುತ್ತದೆ. ಕನ್ನಡದಲ್ಲಿ ಪಾಲು ಹಾಲಾಗಿ, ಪೂವು ಹೂವಾಗಿ ಬದಲಾದಂತೆ ಜರ್ಮಾನಿಕ್ ಭಾಷೆಗಳಲ್ಲಿ ಬಹು ಹಿಂದಿನ ಕಕಾರ ಹಕಾರವಾಯಿತು. ಅದೇ ಮೂಲಧ್ವನಿ ಸಂಸ್ಕೃತದಲ್ಲಿ ಶಕಾರವಾಗಿ ನಿಂತಿತು. ಸಂಸ್ಕೃತದ ಶತಕ್ಕೆ ಇಂಗ್ಲಿಷಿನ ಹಂಡ್ರೆಡ್, ನಾಯಿ ಎಂಬರ್ಥದ ಶ್ವನ್‌ಗೆ ಹೌಂಡ್ ಎದುರಾಗುವುದು ಹೀಗೆ. ಈ ಲೆಕ್ಕದಲ್ಲಿ ಹೆಲ್ಮಿಗೆ ಎದುರಾಗಿ ನಿಲ್ಲುವ ಸಂಸ್ಕೃತ ಪದ ಶರ್ಮನ್. ಆಶ್ರಯ, ರಕ್ಷೆ ಎಂದು ಅದರ ಅರ್ಥ. ಜೂಲಿಯಸ್ ಪೊಕಾರ್ನಿ 1959ರಲ್ಲಿ ಪ್ರಕಟಿಸಿದ ಇಂಡೋ-ಯುರೋಪಿಯನ್ ವ್ಯುತ್ಪತ್ತಿಕೋಶ ಇದರ ಜೊತೆಗೆ ಶರಣ, ಶಾಲಾ ಎಂಬ ಪದಗಳನ್ನೂ ಅದೇ ಧಾತುವಿನ ಅಡಿಯಲ್ಲಿಟ್ಟಿದೆ. ಕೊನೆಯ ಎರಡರ ಬಗ್ಗೆ ಪಂಡಿತರಲ್ಲಿ ಚರ್ಚೆಯುಂಟು. ಶರ್ಮನ್ ಸಂಬಂಧ ಹೆಚ್ಚು ಪ್ರಚಲಿತವಾದದ್ದು. ಆ ಕೋಶವನ್ನು ಒಪ್ಪುವುದಾದರೆ, 12ನೆಯ ಶತಮಾನದ ಕಲ್ಯಾಣದ ಶರಣರ ಹೆಸರೂ, ನಮ್ಮ ಮಕ್ಕಳು ಬೆಳಿಗ್ಗೆ ಹೋಗುವ ಶಾಲೆಯೂ, ಅವರನ್ನು ಬಿಟ್ಟುಬರುವ ತಂದೆಯ ಹೆಲ್ಮೆಟ್ಟೂ ದೂರದ ದಾಯಾದಿಗಳು. ಶಿರಸ್ತ್ರಾಣವೇ ಕನ್ನಡ, ಹೆಲ್ಮೆಟ್ಟು ಪರಕೀಯ ಎಂದು ವಾದಿಸಿದ ನಮ್ಮ ಗೆಳೆಯರು ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು.

ಹೆಲ್ಮೆಟ್ ಎಂಬ ಈ ರೂಪವನ್ನು ಇತಿಹಾಸಕಾರನೊಬ್ಬನ ಲೇಖನಿ ಕನ್ನಡ ನಾಡಿನ ಒಂದು ತಲೆಗೂ ತೊಡಿಸಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯಸ್ ಕೃಷ್ಣದೇವರಾಯನನ್ನು ಕಂಡ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬಂಗಾರದ ಗುಲಾಬಿಗಳ ಕಸೂತಿಯಿದ್ದ ಬಿಳಿಯ ವಸ್ತ್ರ, ಕೊರಳಲ್ಲಿ ವಜ್ರದ ಹಾರ, ಬರಿಗಾಲು, ತಲೆಯ ಮೇಲೆ ಜರತಾರಿಯ ಎತ್ತರದ ಟೊಪ್ಪಿಗೆ. ಆ ಟೊಪ್ಪಿಗೆಯನ್ನು ತನ್ನ ಓದುಗರಿಗೆ ತಿಳಿಸಲು ಅವನು ಸ್ಪೇನಿನ ಗಲೀಸಿಯಾ ಸೀಮೆಯವರ ಶಿರಸ್ತ್ರಾಣದ ಹೋಲಿಕೆ ಕೊಟ್ಟ. 1900ರಲ್ಲಿ ಈ ಬರಹವನ್ನು ಇಂಗ್ಲಿಷಿಗೆ ತಂದು ಪ್ರಕಟಿಸಿದ ರಾಬರ್ಟ್ ಸೀವೆಲ್ ಆ ಜಾಗದಲ್ಲಿ ಹೆಲ್ಮೆಟ್ ಎಂಬ ಪದವನ್ನೇ ಬಳಸಿದ್ದಾನೆ.

ಪಾಯಸನಿಗೆ ಶಿರಸ್ತ್ರಾಣದಂತೆ ಕಂಡದ್ದನ್ನು ಆಸ್ಥಾನದವರು ಏನೆಂದು ಕರೆಯುತ್ತಿದ್ದರು? ಕುಳ್ಳಾಯಿ ಎಂದು. ಅದು ಪಾರಸಿಯ ಕುಲಾಹ್, ಅಂದರೆ ಟೊಪ್ಪಿಗೆ. ಅದರ ಜೊತೆಯಲ್ಲಿ ತೊಡುತ್ತಿದ್ದ ನಿಲುವಂಗಿ ಕಬಾಯಿ ಅರಬ್ಬಿಯ ಕಬಾ. ವಿಜಯನಗರದ ಅರಸರು ಸುಲ್ತಾನರೊಡನೆ ಕಾದಾಡುತ್ತಲೇ ಸುಲ್ತಾನರ ಲೋಕದ ಉಡುಪನ್ನು ಆಸ್ಥಾನಕ್ಕೆ ತಂದುಕೊಂಡಿದ್ದರೆಂಬುದನ್ನು ಫಿಲಿಪ್ ವ್ಯಾಗನರ್ 1996ರ ಪ್ರಬಂಧವೊಂದರಲ್ಲಿ ಎಳೆಎಳೆಯಾಗಿ ತೋರಿಸಿದ್ದಾರೆ. ಅಂದಿನ ದೊಡ್ಡ ವ್ಯಾಪಾರವೂ ರಾಯಭಾರವೂ ನಡೆಯುತ್ತಿದ್ದ ಜಗತ್ತಿನಲ್ಲಿ ಗೌರವಸ್ಥನೆಂದು ಗುರುತಿಸಿಕೊಳ್ಳಲು ಆ ಉಡುಪು ಬೇಕಿತ್ತು. ಅರಸರು ದೇವರನ್ನು ಬದಲಿಸಲಿಲ್ಲ, ಮಾತನ್ನು ಬದಲಿಸಲಿಲ್ಲ, ಟೊಪ್ಪಿಗೆ ಬದಲಿಸಿದರು. ಲೇಪಾಕ್ಷಿಯ ವೀರಭದ್ರ ದೇವಾಲಯದ ಛಾವಣಿಯಲ್ಲಿ ಅಚ್ಯುತರಾಯನ ಕಾಲದ ಚಿತ್ರಗಳಿವೆ. ಅವುಗಳಲ್ಲಿನ ಗಂಡಸರ ತಲೆಗಳ ಮೇಲೆ ಈ ಎತ್ತರದ ಕುಳ್ಳಾಯಿಗಳನ್ನು ಇಂದಿಗೂ ನೋಡಬಹುದು. ತಿರುಮಲೆಯ ದೇವಾಲಯದಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲೂ ಅಂಥದೇ ಟೊಪ್ಪಿಗೆಯಿದೆ. ಸ್ವಾಮಿಯ ಸನ್ನಿಧಿಯಲ್ಲಿಯೂ ಅವನು ಅದನ್ನು ತೆಗೆದಿಲ್ಲ.

ಇಲ್ಲಿ ಇನ್ನೊಂದು ಪ್ರಸಂಗವನ್ನು ನೆನೆಯಲೇಬೇಕು. ಇಮ್ಮಡಿ ದೇವರಾಯನ ಆಸ್ಥಾನಕ್ಕೆ ತೆಲುಗಿನ ಮಹಾಕವಿ ಶ್ರೀನಾಥ ಬಂದಿದ್ದನೆಂದು ಪ್ರತೀತಿ. ಅವನ ಹೆಸರಿನಲ್ಲಿ ಪ್ರಚಲಿತವಾಗಿರುವ ಚಾಟುಪದ್ಯವೊಂದರಲ್ಲಿ ಕವಿ ತನ್ನ ಪಾಡನ್ನು ಹೇಳಿಕೊಳ್ಳುತ್ತಾನೆ. ತಾನು ಕುಳ್ಳಾಯಿ ಇಟ್ಟುಕೊಂಡದ್ದಾಯಿತು, ದೊಡ್ಡ ಅಂಗಿ ತೊಟ್ಟದ್ದಾಯಿತು, ಒಗ್ಗದ ಆಹಾರವನ್ನು ನುಂಗಿದ್ದಾಯಿತು. ಇನ್ನಾದರೂ ದಯೆ ಬಾರದೇ ಎಂದು ಕನ್ನಡ ರಾಜ್ಯಲಕ್ಷ್ಮಿಯನ್ನು ತಾಯಿಯೆಂದು ಕರೆದು ಮೊರೆಯಿಡುತ್ತಾನೆ. ನಾವು ಚಿಕ್ಕಂದಿನಲ್ಲಿ ಇದನ್ನು ಕೇಳಿ ನಕ್ಕಿದ್ದೆವು. ಕಾಮೋಠೆಗೆ ಬಂದು ನೆಲೆಸಿದ ಮೇಲೆ ನಗು ಬರುವುದಿಲ್ಲ. ಅಂದು ಹೊರಗಿನವನು ನಮ್ಮ ಬಾಗಿಲಲ್ಲಿ ನಿಂತು ನಮ್ಮ ಆಸ್ಥಾನದ ಟೊಪ್ಪಿಗೆ ಹಾಕಿಕೊಂಡಿದ್ದ. ಇಂದು ನಾವು ಇನ್ನೊಂದು ಭಾಷೆಯ ಬಾಗಿಲಲ್ಲಿ ನಿಂತು ಅಲ್ಲಿನ ಫೇಟಾ ಕಟ್ಟಿಕೊಂಡು ಗಣೇಶೋತ್ಸವದ ಮೆರವಣಿಗೆಯಲ್ಲಿ ನಡೆಯುತ್ತೇವೆ. ಪರನಾಡಿಗೆ ಹೋದವನ ಮೈಮೇಲೆ ಮೊದಲು ಬದಲಾಗುವುದು ತಲೆಯುಡುಪು, ಏಕೆಂದರೆ ಎದುರಿಗಿರುವವನು ಮೊದಲು ನೋಡುವುದು ಅದನ್ನೇ. ಉಡುಪಿನ ಜೊತೆಗೆ ಅದರ ಹೆಸರೂ ಬರುತ್ತದೆ. ಫ್ರಾಂಕರ ಹೆಲ್ಮ್ ಯುರೋಪನ್ನೆಲ್ಲ ಸುತ್ತಿದ್ದಕ್ಕೂ, ಇರಾನಿನ ಕುಲಾಹ್ ತುಂಗಭದ್ರೆಯ ದಡಕ್ಕೆ ಬಂದದ್ದಕ್ಕೂ ಕಾರಣ ಇದೇ ಇರಬೇಕೆಂದು ನಮಗೆ ತೋರುತ್ತದೆ.

ಕನ್ನಡಿಗರ ತಲೆಯ ಮೇಲಿರುವ ಹೆಸರುಗಳನ್ನು ಒಂದೊಂದಾಗಿ ಇಳಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ರುಮಾಲು ಪಾರಸಿಯ ಪದ: ಮುಖ ಒರೆಸುವ ಬಟ್ಟೆ ಎಂದು ಅದರ ಅರ್ಥ. ಮರಾಠಿಯಲ್ಲಿ ಅದು ಇಂದಿಗೂ ಕೈವಸ್ತ್ರವೇ. ನಮ್ಮಲ್ಲಿ ಮಾತ್ರ ತಲೆಗೇರಿತು. ಊರಿಂದ ಬಂದ ಅಜ್ಜನಿಗೆಂದು ಪನ್ವೇಲಿನ ಅಂಗಡಿಯಲ್ಲಿ ರುಮಾಲು ಕೇಳಿ, ಅಂಗೈಯಗಲದ ಚೌಕ ಪಡೆದುಬಂದ ಅನುಭವ ನಮ್ಮ ಬಳಗದಲ್ಲಿ ಒಬ್ಬರಿಗಲ್ಲ, ಇಬ್ಬರಿಗಿದೆ. ಜರಿಯ ಪಾಗಿಗೆ ಹೇಳುವ ಮಂದೀಲು ಅರಬ್ಬಿಯ ಮೂಲಕ ಬಂದದ್ದು. ಅದರ ತವರು ಕೈವಸ್ತ್ರಕ್ಕೆ ರೋಮನರು ಹೇಳುತ್ತಿದ್ದ ಲ್ಯಾಟಿನ್ ಪದ. ನಮ್ಮ ಹೆಮ್ಮೆಯ ಮೈಸೂರು ಪೇಟದ ಪೇಟವೂ ಮರಾಠಿಯ ಫೇಟಾವೂ ಒಡಹುಟ್ಟಿದವು. ಮುಂಡಾಸಕ್ಕೂ ಮರಾಠಿಯಲ್ಲಿ ಜೋಡಿಯುಂಟು. ಹ್ಯಾಟು ಇನ್ನೊಂದು ಹಳೆಯ ಜರ್ಮಾನಿಕ್ ಪದ. ಮಹಾರಾಯನ ತಲೆಯಲ್ಲಿ ಮೆರೆದ ಕುಳ್ಳಾಯಿ ಇಂದು ಉತ್ತರ ಕರ್ನಾಟಕದಲ್ಲಿ ಕುಲಾವಿಯಾಗಿ ಎಳೆಗೂಸುಗಳ ನೆತ್ತಿಯನ್ನು ಗಾಳಿಯಿಂದ ಕಾಯುತ್ತಿದೆ. ಸಾಮ್ರಾಜ್ಯ ಹೋಯಿತು, ಅರ್ಥ ಮೆದುವಾಯಿತು, ಪದ ತೊಟ್ಟಿಲಲ್ಲಿ ಬದುಕಿತು. ಕುಲಾವಿಯನ್ನು ಪರಕೀಯ ಪದವೆಂದು ಯಾವ ಅಜ್ಜಿಯೂ ಕೂಸಿನ ತಲೆಯಿಂದ ತೆಗೆದದ್ದಿಲ್ಲ.

ಹಾಗೆಂದು ನಮ್ಮ ನೆಲದಲ್ಲೇ ಹುಟ್ಟಿದ ಮಾತುಗಳಿಲ್ಲವೇ? ಇವೆ. ಕರಾವಳಿಯಲ್ಲಿ ಅಡಕೆಯ ಹಾಳೆಯಿಂದ ಮಾಡುವ ಮುಟ್ಟಾಳೆಯಿದೆ. ಮಲೆನಾಡಿನಲ್ಲಿ ಮಳೆಗೆ ತಲೆಯಿಂದ ಬೆನ್ನಿನವರೆಗೆ ಇಳಿಬಿಡುವ ಕಂಬಳಿಯ ಕೊಪ್ಪೆಯಿದೆ. ಬಯಲುಸೀಮೆಯಲ್ಲಿ ಕೊಡ ಹೊರುವಾಗ ತಲೆಗೂ ಕೊಡಕ್ಕೂ ನಡುವೆ ಇಡುವ ಸಿಂಬಿಯಿದೆ. ಇವನ್ನು ಕೊಂದದ್ದು ಹೆಲ್ಮೆಟ್ಟಲ್ಲ. ಗದ್ದೆಗೆ ಹೋಗುವುದು ನಿಂತಾಗ ಮುಟ್ಟಾಳೆ ವೇದಿಕೆಯ ಅಲಂಕಾರವಾಯಿತು. ಜಡಿಮಳೆಯಲ್ಲಿ ನಾಟಿ ಮಾಡುವ ಬೆನ್ನುಗಳು ಕಡಿಮೆಯಾದಾಗ ಕೊಪ್ಪೆ ಮರೆತುಹೋಯಿತು. ಕೆಲಸ ಹೋದರೆ ಪದ ಹೋಗುತ್ತದೆ. ನಿಘಂಟು ಅದರ ಗುರುತನ್ನು ಇಟ್ಟುಕೊಳ್ಳಬಲ್ಲದು, ಉಸಿರನ್ನಲ್ಲ. ಹೊರನಾಡಿನಲ್ಲಿ ನಾವು ಅಳಬೇಕಾದದ್ದು ಬಂದ ಪದಗಳಿಗಾಗಿ ಅಲ್ಲ. ಮಕ್ಕಳಿಗೆ ಹೇಳದೇ ಬಿಟ್ಟ ಪದಗಳಿಗಾಗಿ. ಆ ಬಾಲಕಿಗೆ ಹೆಲ್ಮೆಟ್ಟು ಗೊತ್ತಿರುವುದರಿಂದ ಕನ್ನಡಕ್ಕೆ ನಷ್ಟವಿಲ್ಲ. ಕೊಪ್ಪೆ ಎಂದರೇನೆಂದು ಅವಳಿಗೆ ಯಾರೂ ಹೇಳದಿದ್ದರೆ ನಷ್ಟ ನಮ್ಮದು, ತಪ್ಪೂ ನಮ್ಮದು.

ಹೆಲ್ಮೆಟ್ಟು ನಮ್ಮ ತಲೆಗೆ ಬಂದದ್ದು ಅರಸರ ಆಸ್ಥಾನದಿಂದಲ್ಲ, ರಸ್ತೆಯಿಂದ. 1988ರ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ದ್ವಿಚಕ್ರ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು. ಪಗಡಿ ಧರಿಸುವ ಸಿಖ್ಖರಿಗೆ ವಿನಾಯಿತಿಯನ್ನೂ ಕೊಟ್ಟಿತು. ಹೀಗೆ ನಮ್ಮ ಕಾನೂನಿನ ಒಂದೇ ಕಲಮಿನಲ್ಲಿ ಜರ್ಮಾನಿಕ್ ಮೂಲದ ಶಿರಸ್ತ್ರಾಣವೂ ನಮ್ಮ ದೇಶದ ಪಾಗೂ ಎದುರುಬದುರು ಕುಳಿತಿವೆ. ಸಾಯನ್-ಪನ್ವೇಲ್ ಹೆದ್ದಾರಿಯಲ್ಲಿ ಲಾರಿಗಳ ನಡುವೆ ದಿನವೂ ದಾರಿ ಮಾಡಿಕೊಂಡು ಹೋಗುವ ನಮಗೆ ಈ ಮಾತಿನ ಧಾತ್ವರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ ಇನ್ನೊಂದು ಸಂಗತಿ. ಬೆಳಿಗ್ಗೆ ಎಂಟರ ಸುಮಾರಿಗೆ ಇಲ್ಲಿನ ನಾಕಾಗಳಲ್ಲಿ ಕೂಲಿಗಾಗಿ ಕಾದು ನಿಲ್ಲುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರಗಳ ಕನ್ನಡವನ್ನು ಕೇಳಬಹುದು. ನವಿ ಮುಂಬಯಿಯ ಎತ್ತರದ ಕಟ್ಟಡಗಳನ್ನು ಕಟ್ಟಿದ ಕೈಗಳಲ್ಲಿ ಅವರವೂ ಸೇರಿವೆ. ದೊಡ್ಡ ಕೆಲಸಗಳಲ್ಲಿ ಅವರ ಗಂಡಸರ ತಲೆಗೆ ಹಳದಿ ಹೆಲ್ಮೆಟ್ಟು ಸಿಗುತ್ತದೆ. ಸಣ್ಣ ಕೆಲಸಗಳಲ್ಲಿ ಇಟ್ಟಿಗೆ, ಮರಳು ಹೊರುವ ಹೆಂಗಸಿನ ತಲೆಯ ಮೇಲೆ ಇಂದಿಗೂ ಹಳೆಯ ಸೀರೆಯ ಚೂರನ್ನು ಸುತ್ತಿ ಮಾಡಿದ ಸಿಂಬಿಯೇ ಇದೆ. ಎರಡೂ ತಲೆಯ ಮೇಲಿನವು. ಒಂದು ಬೀಳುವುದನ್ನು ತಡೆಯಲು, ಇನ್ನೊಂದು ಹೊರೆಯನ್ನು ಹೊರಲು. ನಮ್ಮ ಅಚ್ಚಕನ್ನಡ ಪದ ಅಲ್ಲಿ ಬದುಕಿದೆಯೆಂದು ಸಂತೋಷಪಡಲು ನಮಗೆ ಮನಸ್ಸು ಬರಲಿಲ್ಲ. ಆ ತಲೆಗೂ ಒಂದು ಹೆಲ್ಮೆಟ್ಟು ಸಿಗುವುದಾದರೆ ಸಿಂಬಿ ಎಂಬ ಪದವನ್ನು ನಿಘಂಟಿಗೆ ಬಿಟ್ಟುಕೊಡಲು ನಾವು ಸಿದ್ಧರಿದ್ದೇವೆ.

ಮುಂದಿನ ಸಭೆಗೆ ಬಾಲಕಿ ಬಂದಾಗ ಉತ್ತರ ಹೇಳಿದೆವು. ಅದಕ್ಕೆ ಕನ್ನಡದಲ್ಲಿ ಹೆಲ್ಮೆಟ್ಟು ಎನ್ನುತ್ತಾರೆ. ಅದು ಬಹಳ ದೂರದಿಂದ ಬಂದದ್ದು, ನಮ್ಮ ಹಾಗೆಯೇ. ಶಿರಸ್ತ್ರಾಣ ಎಂದೂ ಹಿಂದೆ ಸೀಸಕ ಎಂದೂ ಹೇಳುತ್ತಿದ್ದರು. ನೀನು ಕೂಸಾಗಿದ್ದಾಗ ನಿನ್ನ ತಲೆಗೆ ಹಾಕಿದ್ದು ಕುಲಾವಿ. ನಿನ್ನ ಅಜ್ಜಿ ಮಳೆಯಲ್ಲಿ ಹೊದೆಯುತ್ತಿದ್ದದ್ದು ಕೊಪ್ಪೆ. ಅವಳು ಎಲ್ಲವನ್ನೂ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದಳು. ಕೊಪ್ಪೆ ಎಂಬುದನ್ನು ಮಾತ್ರ ಎರಡು ಸಲ ಹೇಳಿದಳು.